ಥರ್ಮಾಕೋಲ್ ಒಡೆಯಬೇಡಿ, ಕಟ್ಟಿಡಿ

ಕಾರವಾರದಲ್ಲಿ ನಮ್ಮದು ಫ್ರಿಜ್, ಟಿವಿ, ವಾಷಿಂಗ್ ಮಷಿನ್ ಮಾರುವ ಸಣ್ಣ ಅಂಗಡಿ. ಯಜಮಾನರು ಡೆಲಿವರಿಗೆ ಹೋಗುತ್ತಾರೆ, ನಾನು ಗಲ್ಲಾದಲ್ಲಿ ಕೂರುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಹೊಸ ಫ್ರಿಜ್ ಮನೆಗೆ ಬಂದ ದಿನ ಎಲ್ಲರ ಕಣ್ಣೂ ಫ್ರಿಜ್ ಮೇಲೆ ಇರುತ್ತದೆ. ಅದರ ಸುತ್ತ ಇದ್ದ ಬಿಳಿ ಥರ್ಮಾಕೋಲ್ ಯಾರಿಗೂ ಬೇಡ. "ಅದನ್ನು ನೀವೇ ತಗೊಂಡು ಹೋಗಿ ಮಾರಾಯ್ರೆ" ಅನ್ನುತ್ತಾರೆ. ನಾವು ವಾಪಸ್ ತರುತ್ತೇವೆ. ಹೀಗೆ ಈ ಊರಿನ ಎಷ್ಟೋ ಥರ್ಮಾಕೋಲ್ ನನ್ನ ಕೈ ದಾಟಿ ಹೋಗಿದೆ.

ಮೊದಲೆಲ್ಲ ಅದನ್ನು ಅಂಗಡಿಯ ಹಿಂದಿನ ಓಣಿಯಲ್ಲಿ ಪೇರಿಸಿ ಇಡುತ್ತಿದ್ದೆವು. ಗುಜರಿಯವರು ಬಂದು ರಟ್ಟು ಒಯ್ಯುತ್ತಿದ್ದರು, ಥರ್ಮಾಕೋಲ್ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಜೂನ್ ಮೊದಲ ವಾರ, ರಾತ್ರಿಯಿಡೀ ಗಾಳಿ ಮಳೆ. ಬೆಳಿಗ್ಗೆ ನೋಡಿದರೆ ಅರ್ಧ ರಾಶಿ ಇಲ್ಲ. ಒಂದಿಷ್ಟು ಗಟಾರದಲ್ಲಿ ಸಿಕ್ಕಿಕೊಂಡಿತ್ತು. ಉಳಿದದ್ದು ಎಲ್ಲಿ ಹೋಯಿತೆಂದು ಗೊತ್ತಾಗಿದ್ದು ನಾಲ್ಕು ದಿನದ ಮೇಲೆ. ಟಾಗೋರ್ ಕಡಲತೀರದಲ್ಲಿ ಅಲೆ ತಂದು ಹಾಕಿದ ಕಸದ ಸಾಲಿನಲ್ಲಿ ಒಂದು ಮೂಲೆ ತುಂಡು ಬಿದ್ದಿತ್ತು. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ "ಹಬ್ಬುವಾಡ, 2ನೇ ಮಹಡಿ" ಎಂದು ಬರೆದಿತ್ತು. ನನ್ನದೇ ಅಕ್ಷರ. ಆ ಫ್ರಿಜ್‌ನ ರಟ್ಟು ಒದ್ದೆಯಾಗಿತ್ತು ಅಂತ ಥರ್ಮಾಕೋಲ್ ಮೇಲೆ ವಿಳಾಸ ಬರೆದಿದ್ದೆ. ತುಂಡು ಎತ್ತಿಕೊಂಡೆ. ಆದರೆ ಅದರಿಂದ ಉದುರಿದ ಕಾಳುಗಳು ಮರಳಿನಲ್ಲಿ ಬೆರೆತು ಹೋಗಿದ್ದವು. ಸ್ವಲ್ಪ ಹೊತ್ತು ಕೂತು ಹೆಕ್ಕಿದೆ. ಮುಗಿಯುವ ಕೆಲಸವಲ್ಲ ಅದು. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವುದು ನಮ್ಮ ಈ ಕರಾವಳಿಯ ಮರಳಿನಲ್ಲೇ ಅಲ್ವಾ? ಅವತ್ತು ನನಗೆ ಬಹಳ ಸಂಕಟವಾಯಿತು.

ಅವತ್ತಿನಿಂದ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಮುಖ್ಯವಾದದ್ದು ಒಂದೇ. ಥರ್ಮಾಕೋಲ್ ಒಡೆಯಬಾರದು. ಇಡಿಯಾಗಿ ಇರುವಷ್ಟು ಕಾಲ ಅದನ್ನು ಹಿಡಿಯಬಹುದು, ಕಟ್ಟಬಹುದು, ಕಳಿಸಬಹುದು. ಕಾಳಾಗಿ ಉದುರಿದ ಮೇಲೆ ಯಾರ ಕೈಗೂ ಸಿಗುವುದಿಲ್ಲ.

ಅದು ಹೇಗೆ ತಯಾರಾಗುತ್ತದೆಂದು ತಿಳಿದರೆ ಇದು ಅರ್ಥವಾಗುತ್ತದೆ. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಸಕ್ಕರೆಯಷ್ಟು ಸಣ್ಣ ಹರಳುಗಳ ಒಳಗೆ ಪೆಂಟೇನ್ ಸೇರಿಸಿರುತ್ತಾರೆ. ಹಬೆ ಕೊಟ್ಟರೆ ಹರಳು ಮಂಡಕ್ಕಿಯ ಹಾಗೆ ಉಬ್ಬುತ್ತದೆ. ಉಬ್ಬಿದ ಕಾಳುಗಳನ್ನು ಅಚ್ಚಿನಲ್ಲಿ ತುಂಬಿ ಮತ್ತೆ ಹಬೆ ಹಾಯಿಸಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 100 ಪಾಲಿನಲ್ಲಿ 98 ಪಾಲು ಗಾಳಿ, ಎರಡೇ ಪಾಲು ಪ್ಲಾಸ್ಟಿಕ್. ಮುರಿದರೆ ಅಂಟು ಬಿಟ್ಟು ಮತ್ತೆ ಕಾಳು ಕಾಳು.

ಗುಜರಿಯವರು ಯಾಕೆ ಬೇಡ ಅನ್ನುತ್ತಾರೆ ಎಂಬುದಕ್ಕೂ ಉತ್ತರ ಈ ಗಾಳಿಯಲ್ಲೇ ಇದೆ. ನಾನು ಅಂಗಡಿಯ ಕಾಟಾದ ಮೇಲೆ ತೂಗಿ ನೋಡಿದ್ದೇನೆ. ಒಂದು ಗೋಣಿ ಚೀಲ ತುಂಬ ಒತ್ತಿ ತುಂಬಿದರೂ ಒಂದು ಕಿಲೋ ದಾಟಲಿಲ್ಲ. ಟಾಟಾ ಏಸ್ ಗಾಡಿಯಲ್ಲಿ ತಲೆಗಿಂತ ಎತ್ತರ ಪೇರಿಸಿದರೆ ಅರವತ್ತು ಕಿಲೋ ಆಸುಪಾಸು. ಅದೇ ಗಾಡಿ ಕಬ್ಬಿಣವಾದರೆ ಏಳುನೂರು ಕಿಲೋ ಹೊರುತ್ತದೆ. ಡೀಸೆಲ್ ಖರ್ಚು ಎರಡಕ್ಕೂ ಒಂದೇ. ಗುಜರಿಯವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅವರೂ ಹೊಟ್ಟೆ ತುಂಬಿಸಿಕೊಳ್ಳಬೇಕು. ಹಾಗಂತ ಇದು ಮರುಬಳಕೆಯಾಗದ ವಸ್ತುವೇನೂ ಅಲ್ಲ. ಕರಗಿಸಿ ಮತ್ತೆ ಅಚ್ಚು ಹೊಯ್ಯಬಹುದಾದ ಪ್ಲಾಸ್ಟಿಕ್ ಇದು. ಯಂತ್ರದಲ್ಲಿ ಒತ್ತಿ ಅಥವಾ ಕಾಯಿಸಿ ಗಾಳಿ ತೆಗೆದು ಗಟ್ಟಿ ಗಟ್ಟಿ ದಿಂಡು ಮಾಡುತ್ತಾರೆ. ಆ ದಿಂಡನ್ನು ಪುಡಿ ಮಾಡಿ, ಕರಗಿಸಿ, ಪ್ಲಾಸ್ಟಿಕ್ ಕಾಳು ತೆಗೆಯುತ್ತಾರೆ. ಫೋಟೋದ ಕಟ್ಟು, ಬಟ್ಟೆ ಹ್ಯಾಂಗರ್ ಇಂಥವೆಲ್ಲ ಅದರಿಂದ ಆಗುತ್ತವೆ. ಆ ಯಂತ್ರದ ತನಕ ಮಾಲು ತಲುಪಿಸುವುದೇ ನಮ್ಮ ಕಷ್ಟ.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಕೈಯಲ್ಲಿರುವುದು ಥರ್ಮಾಕೋಲ್ ಹೌದೋ ಅಲ್ಲವೋ ನೋಡಿ. ಬಿಳಿ ಇದ್ದದ್ದೆಲ್ಲ ಥರ್ಮಾಕೋಲ್ ಅಲ್ಲ. ಹತ್ತಿರದಿಂದ ನೋಡಿದರೆ ಕಾಳು ಕಾಳು ಕಂಡು, ಉಗುರಿನಿಂದ ಒತ್ತಿದರೆ ಕರಕರ ಅಂದರೆ ಅದು ಥರ್ಮಾಕೋಲ್. ಎಷ್ಟೋ ತುಂಡುಗಳ ಮೇಲೆ ತ್ರಿಕೋನದ ಒಳಗೆ 6 ಎಂದೂ, ಕೆಳಗೆ ಪಿಎಸ್ ಎಂದೂ ಅಚ್ಚಾಗಿರುತ್ತದೆ. ಮೆತ್ತಗಿದ್ದು, ಬಗ್ಗಿಸಿದರೆ ಮುರಿಯದೆ ಬಗ್ಗಿದರೆ ಅದು ಫೋಮ್. ಟಿವಿ ಪರದೆಗೆ ಸುತ್ತಿ ಬರುವ ತೆಳ್ಳಗಿನ ಹಾಳೆಯೂ ಅದೇ. ಅದು ಪಾಲಿಥೀನ್, ಬೇರೆ ಜಾತಿ. ಎರಡನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿದರೆ ಕರಗಿಸುವವರಿಗೆ ಇಡೀ ಕಟ್ಟು ಹಾಳು. ಹಳೇ ಫ್ರಿಜ್ ಒಡೆದರೆ ಗೋಡೆಯ ಒಳಗಿಂದ ಹಳದಿ ಬಣ್ಣದ ಗಟ್ಟಿ ನೊರೆ ಸಿಗುತ್ತದೆ. ಅದಂತೂ ಬೇಡವೇ ಬೇಡ. ಮೊಟ್ಟೆ ಟ್ರೇಯಂಥ ಬೂದು ಬಣ್ಣದ ಪ್ಯಾಕಿಂಗ್ ಬಂದಿದ್ದರೆ ಅದು ಕಾಗದ. ರಟ್ಟಿನ ಜೊತೆ ಹಾಕಿ.

ಹೊಸ ವಸ್ತು ಬಂದ ದಿನ ಪೆಟ್ಟಿಗೆ ಬಿಚ್ಚುವ ರೀತಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಜಾಸ್ತಿ ಜನ ಥರ್ಮಾಕೋಲನ್ನು ಎಳೆದು ಕಿತ್ತು ತೆಗೆಯುತ್ತಾರೆ. ಮಕ್ಕಳು ಸುತ್ತ ಇದ್ದರೆ ಮುರಿಯುವುದೇ ಆಟ. ಸ್ವಲ್ಪ ತಡೆಯಿರಿ. ರಟ್ಟಿನ ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿ ತೆಗೆದ ಮೇಲೆ ಥರ್ಮಾಕೋಲ್ ತಾನೇ ಸಡಿಲವಾಗುತ್ತದೆ. ಎರಡೂ ಕೈಯಲ್ಲಿ ಬುಡ ಹಿಡಿದು ಸರಿಸಿ. ನೆಲಕ್ಕೆ ಮೊದಲೇ ಒಂದು ಹಳೇ ಬೆಡ್‌ಶೀಟ್ ಹಾಸಿದ್ದರೆ ಉದುರಿದ ನಾಲ್ಕು ಕಾಳು ಅದರಲ್ಲೇ ಉಳಿಯುತ್ತದೆ. ಫ್ಯಾನ್ ಬಂದ್ ಮಾಡಿ. ಇದನ್ನು ಎಲ್ಲರೂ ಮರೆಯುತ್ತಾರೆ.

ಟಿವಿಯ ಪ್ಯಾಕಿಂಗ್ ಆದರೆ ತಕ್ಷಣ ಯಾರಿಗೂ ಕೊಡಬೇಡಿ. ಪರದೆಯಲ್ಲಿ ಏನಾದರೂ ದೋಷ ಕಂಡು ವಾಪಸ್ ಕಳಿಸುವ ಸಂದರ್ಭ ಬಂದರೆ ಅದೇ ಪ್ಯಾಕಿಂಗ್ ಬೇಕಾಗುತ್ತದೆ. ನಮ್ಮ ಊರಲ್ಲಿ ಇನ್ನೊಂದು ಕಾರಣವೂ ಇದೆ. ಕೈಗಾದಲ್ಲಿ, ನೌಕಾನೆಲೆಯಲ್ಲಿ ಕೆಲಸ ಮಾಡುವವರ ಮನೆಗಳು ಬಹಳ. ಅವರಿಗೆ ವರ್ಗ ಆಗುತ್ತಲೇ ಇರುತ್ತದೆ. ವರ್ಗವಾದಾಗ ಟಿವಿ ಸಾಗಿಸಲು ಮೂಲೆ ಥರ್ಮಾಕೋಲ್ ಹುಡುಕಿಕೊಂಡು ಅಂಗಡಿಗೆ ಬರುತ್ತಾರೆ. ಅದಕ್ಕೆ ನಾನು ಅಟ್ಟದ ಮೇಲೆ ಒಂದು ಹಲಗೆ ಬಿಟ್ಟಿದ್ದೇನೆ. 32, 43, 55 ಇಂಚು ಎಂದು ಬರೆದು ಬೇರೆ ಬೇರೆ ಇಟ್ಟಿದ್ದೇನೆ. ಹೋದ ವರ್ಷ ಮಲ್ಲಾಪುರದಿಂದ ಬಂದ ಒಬ್ಬರು 43 ಇಂಚಿನದು ಒಯ್ದರು. ಊರು ಮುಟ್ಟಿದ ಮೇಲೆ ಫೋನ್ ಮಾಡಿ ಟಿವಿಗೆ ಒಂದು ಗೆರೆಯೂ ಬಿದ್ದಿಲ್ಲ ಅಂದರು. ಒಮ್ಮೆ ತಯಾರಾದದ್ದು ಎರಡು ಸಲ ಕೆಲಸಕ್ಕೆ ಬಂತು. ಕರಗಿಸುವುದಕ್ಕಿಂತ ಇದು ಎಷ್ಟೋ ಒಳ್ಳೆಯದು.

ಮುಚ್ಚಳ ಇರುವ ಡಬ್ಬಿಯಾದರೆ ಮನೆಯಲ್ಲೇ ಇಟ್ಟುಕೊಳ್ಳಿ. ಶಿರಸಿಯ ಚಳಿಯಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲ ಎಂದು ನನ್ನ ತಂಗಿ ಗೋಳಾಡುತ್ತಿದ್ದಳು. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಮುಚ್ಚು ಎಂದೆ. ಈಗ ಇಡ್ಲಿ ಹಿಟ್ಟನ್ನೂ ಅದರಲ್ಲೇ ಇಡುತ್ತಾಳೆ. ಆದರೆ ಕುದಿಯುವ ಪಾತ್ರೆ ಇಡಬಾರದು, ಬಿಸಿಗೆ ಥರ್ಮಾಕೋಲ್ ಕುಗ್ಗಿ ಹೋಗುತ್ತದೆ. ಹೂಕುಂಡದ ತಳಕ್ಕೆ ತುಂಡು ಮಾಡಿ ಹಾಕಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ಮಳೆಗಾಲ ಕಳೆದು ಕುಂಡದ ಮಣ್ಣು ಬದಲಿಸಿದಾಗ ಆ ಕಾಳೆಲ್ಲ ಅಂಗಳಕ್ಕೇ ಬೀಳುತ್ತದೆ.

ಇನ್ನು ಕಟ್ಟುವ ಕೆಲಸ. ಸೆಲ್ಲೋಟೇಪ್, ಬಾರ್‌ಕೋಡ್ ಚೀಟಿ, ಅಂಟಿಕೊಂಡ ರಟ್ಟು ಎಲ್ಲ ಕಿತ್ತು ತೆಗೆಯಿರಿ. ಧೂಳಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಅಂಟು ಬಿಡದಿದ್ದರೆ ಆ ತುಂಡಿನ ಮೇಲ್ಪದರ ಮಾತ್ರ ಚಾಕುವಿನಿಂದ ಹೆರೆದು ತೆಗೆಯಿರಿ. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವನ್ನು ಹಚ್ಚಲೇಬೇಡಿ. ಇವು ತಾಗಿದ ಕಡೆ ಥರ್ಮಾಕೋಲ್ ಕರಗಿ ಅಂಟಂಟಾಗುತ್ತದೆ. ಪೆಟ್ರೋಲಿನಲ್ಲಿ ಕರಗಿಸಿ ಗೋಂದು ಮಾಡುವ ವಿಡಿಯೋಗಳನ್ನು ಹುಡುಗರು ನನಗೆ ತೋರಿಸಿದ್ದಾರೆ. ಆ ಅಂಟಿಗೆ ಬೆಂಕಿ ತಾಗಿದರೆ ಮೈಗೆ ಮೆತ್ತಿಕೊಂಡು ಉರಿಯುತ್ತದೆ. ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ ಅದು.

ದೊಡ್ಡ ಚಪ್ಪಟೆ ತುಂಡುಗಳನ್ನು ಹೊರಗೆ, ಸಣ್ಣ ಮೂಲೆ ತುಂಡುಗಳನ್ನು ಒಳಗೆ ಸೇರಿಸಿ. ಒಂದರ ಗುಳಿಯಲ್ಲಿ ಇನ್ನೊಂದು ಕೂರುವಂತೆ ಜೋಡಿಸಿದರೆ ಜಾಗ ಬಹಳ ಉಳಿಯುತ್ತದೆ. ತೆಂಗಿನ ಹುರಿಯಿಂದ ಎರಡು ಕಡೆ ಅಡ್ಡ, ಒಂದು ಕಡೆ ಉದ್ದ ಕಟ್ಟಿ. ಜಾಸ್ತಿ ಬಿಗಿಯಬೇಡಿ, ಹುರಿ ಕೊರೆದು ಕಾಳು ಉದುರುತ್ತದೆ. ಒಬ್ಬರು ತೋಳಲ್ಲಿ ಅಪ್ಪಿ ಹಿಡಿಯುವಷ್ಟು ಗಾತ್ರ ಸಾಕು. ಮೊದಲೇ ಮುರಿದ ಚೂರುಗಳಿದ್ದರೆ ಫ್ರಿಜ್‌ಗೆ ಹೊದಿಸಿ ಬರುವ ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಬಾಯಿ ಕಟ್ಟಿ. ಅಕ್ಕಿ ಚೀಲ ಆಗಲಿಕ್ಕಿಲ್ಲ, ನೇಯ್ಗೆಯ ಸಂದಿಯಿಂದ ಕಾಳು ಹೊರಬರುತ್ತದೆ.

ಕೆಲವೊಮ್ಮೆ ಕತ್ತರಿಸದೆ ಗತಿಯಿಲ್ಲ, ಬಾಗಿಲಲ್ಲಿ ಹಿಡಿಸುವುದೇ ಇಲ್ಲ. ಆಗ ಗಾಳದ ನೈಲಾನ್ ದಾರ ತಗೊಂಡು ಎರಡೂ ತುದಿ ಹಿಡಿದು ಗರಗಸದ ಹಾಗೆ ಎಳೆಯಿರಿ. ಬೆಣ್ಣೆಯಂತೆ ಸೀಳುತ್ತದೆ, ಚಾಕುವಿನಷ್ಟು ಕಾಳು ಉದುರುವುದಿಲ್ಲ. ಕೊಯ್ಯುವ ಜಾಗಕ್ಕೆ ಮೊದಲು ಸ್ವಲ್ಪ ನೀರು ಚಿಮುಕಿಸಿ. ಒಣಗಿದ್ದರೆ ಕಾಳು ವಿದ್ಯುತ್ ಹಿಡಿದು ಕೈಗೆ, ಬಟ್ಟೆಗೆ, ಗೋಡೆಗೆಲ್ಲ ಅಂಟುತ್ತದೆ. ಒದ್ದೆಯಾದರೆ ಇದ್ದಲ್ಲೇ ಕೂರುತ್ತದೆ. ಕಾಯಿಸಿದ ತಂತಿಯಿಂದ ಕೊಯ್ಯುವವರಿದ್ದಾರೆ. ಅದರ ಹೊಗೆ ಒಳ್ಳೆಯದಲ್ಲ, ಮನೆಯೊಳಗೆ ಬೇಡ.

ಕಟ್ಟಿದ್ದನ್ನು ಎಲ್ಲಿ ಇಡುವುದು ಎಂಬುದು ನಮ್ಮ ಕಡೆ ದೊಡ್ಡ ಪ್ರಶ್ನೆ. ನಾಲ್ಕು ತಿಂಗಳು ಮಳೆ ಸುರಿಯುವ ಊರು. ನೆಲದ ಮೇಲೆ ಇಟ್ಟರೆ ಇರುವೆ ಗೂಡು ಕಟ್ಟುತ್ತದೆ, ಇಲಿ ಕೊರೆಯುತ್ತದೆ. ಅಟ್ಟ ಅಥವಾ ಮಾಡಿನ ಕೆಳಗಿನ ಗಳುವಿಗೆ ನೇತು ಹಾಕುವುದು ಒಳ್ಳೆಯದು. ತೂಕವೇ ಇಲ್ಲವಾದ್ದರಿಂದ ಸಣ್ಣ ಹುರಿ ಸಾಕು. ತೆರೆದ ಅಂಗಳ, ತಾರಸಿ, ಬಾವಿಕಟ್ಟೆಯ ಬದಿ ಇವೆಲ್ಲ ಬೇಡ. ಕಟ್ಟು ಒದ್ದೆಯಾದರೆ ಸಂದಿಯಲ್ಲಿ ನೀರು ನಿಂತು ಪಾಚಿ ಹಿಡಿಯುತ್ತದೆ, ಆಮೇಲೆ ಕೊಳ್ಳುವವರು ಮುಟ್ಟುವುದಿಲ್ಲ.

ಕಳಿಸುವುದು ಹೇಗೆ? ಹಳ್ಳಿಯಲ್ಲಿರುವವರು ಮೊದಲು ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿಯವರನ್ನು ಕೇಳಿ. ಎಷ್ಟೋ ಕಡೆ ಅದನ್ನು ಓಡಿಸುವುದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಒಣ ಕಸವನ್ನು ಸ್ವಚ್ಛ ಸಂಕೀರ್ಣದಲ್ಲಿ ಬಿಡಿಸಿ ಇಡುತ್ತಾರೆ. ಪೇಟೆಯವರಿಗೆ ನಗರಸಭೆಯ ಒಣ ಕಸದ ಗಾಡಿ ಇದೆ. ಥರ್ಮಾಕೋಲನ್ನು ಹಸಿ ಕಸದ ಜೊತೆ ಸೇರಿಸದೆ, ಕಟ್ಟಿ, ಕೈಗೇ ಕೊಡಿ. ಗಾಡಿಯ ಮೇಲೆ ಎಸೆದರೆ ಮುಂದಿನ ತಿರುವಿನಲ್ಲಿ ಹಾರಿ ಹೋಗುತ್ತದೆ.

ನನಗೆ ಕೈಗೂಡಿದ ದಾರಿ ಲಾರಿಯದು. ನಮ್ಮ ಅಂಗಡಿಗೆ ಮಾಲು ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರುತ್ತದೆ. ಮಾಲು ಇಳಿಸಿದ ಮೇಲೆ ಲಾರಿ ಖಾಲಿ ಹತ್ತುತ್ತದೆ. ಒಂದು ದಿನ ಚಾಲಕರನ್ನು ಕೇಳಿದೆ: "ಅಣ್ಣ, ಇದನ್ನು ಮೇಲೆ ತಗೊಂಡು ಹೋಗ್ತೀರಾ?" ಅವರು ಕಟ್ಟು ಎತ್ತಿ ನೋಡಿ, "ಎಂಥ ತೂಕವೂ ಇಲ್ಲವಲ್ಲಕ್ಕ, ಹಾಕಿ" ಅಂದರು. ಅದಕ್ಕೆ ಮುಂಚೆ ಘಟ್ಟದ ಮೇಲೆ ಪ್ಲಾಸ್ಟಿಕ್ ಕೊಳ್ಳುವ ಒಬ್ಬ ವ್ಯಾಪಾರಿಯ ಜೊತೆ ಫೋನಿನಲ್ಲಿ ಮಾತಾಡಿಕೊಂಡಿದ್ದೆ. ನೀವೂ ಕಳಿಸುವ ಮುಂಚೆ ಕೇಳಿ. ಬಿಳಿಯದು ಮಾತ್ರವೋ, ಬಣ್ಣದ್ದೂ ಆಗುತ್ತದೋ? ಕಡಿಮೆ ಎಂದರೆ ಎಷ್ಟು ಕಿಲೋ ಬೇಕು? ಮೀನಿನ ಬಾಕ್ಸ್ ತಗೊಳ್ತಾರೋ? ತಗೊಂಡದ್ದನ್ನು ಏನು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಕಳಿಸಬೇಡಿ. ನಮ್ಮ ಕಣ್ಣಿಗೆ ಕಾಣದ ಹಾಗೆ ಇನ್ನೊಂದು ಊರಿನ ಗುಂಡಿಯಲ್ಲಿ ಸುಟ್ಟರೆ ಏನು ಉಪಯೋಗ? ಇದರಿಂದ ದುಡ್ಡು ಬರುತ್ತದೆಂದು ಎಣಿಸಬೇಡಿ. ನನಗೆ ಬಂದದ್ದು ಲಾರಿಯವರ ಚಹಾ ಖರ್ಚಿಗೆ ಸರಿಹೋಗಿದೆ.

ಒಬ್ಬರ ಮನೆಯ ಥರ್ಮಾಕೋಲ್ ಯಾವತ್ತೂ ಒಂದು ಲೋಡ್ ಆಗುವುದಿಲ್ಲ. ಅದಕ್ಕೆ ನಾನು ಪಕ್ಕದ ಮೂರು ಅಂಗಡಿಯವರನ್ನು ಸೇರಿಸಿಕೊಂಡೆ. ಒಬ್ಬರದು ಮಿಕ್ಸರ್, ಫ್ಯಾನು. ಇನ್ನೊಬ್ಬರದು ಕಂಪ್ಯೂಟರ್. ಮತ್ತೊಬ್ಬರದು ಗಾಜಿನ ಸಾಮಾನು. ನಾಲ್ಕು ಜನರದು ಸೇರಿದ ಮೇಲೆಯೇ ವ್ಯಾಪಾರಿ ನಮ್ಮ ಫೋನಿಗೆ ಸರಿಯಾಗಿ ಉತ್ತರ ಕೊಡಲು ಶುರು ಮಾಡಿದ್ದು. ಕುಮಟಾ, ಅಂಕೋಲಾ, ಹೊನ್ನಾವರ ಎಲ್ಲ ಕಡೆ ಇಂಥ ಅಂಗಡಿ ಸಾಲುಗಳಿವೆ. ವರ್ಷಕ್ಕೆ ಎರಡು ಲೋಡ್ ಆರಾಮಾಗಿ ಆಗುತ್ತದೆ.

ಮೀನಿನ ಬಾಕ್ಸ್‌ನ ವಿಷಯವೇ ಬೇರೆ. ಬೈತಖೋಲ ಬಂದರಿಗೆ ಹೋದರೆ ಬಂಗಡೆ, ತಾರ್ಲೆ, ಇಸ್ವಣ ಎಲ್ಲ ಐಸ್ ಜೊತೆ ಥರ್ಮಾಕೋಲ್ ಬಾಕ್ಸ್‌ಗಳಲ್ಲೇ ಹೋಗುವುದನ್ನು ನೋಡಬಹುದು. ರಕ್ತ, ನೀರು, ವಾಸನೆ ಸೇರಿದ ಬಾಕ್ಸನ್ನು ಕರಗಿಸುವವರು ಒಪ್ಪುವುದು ಕಷ್ಟ. ಅದನ್ನು ಎಷ್ಟು ಸಲ ಆಗುತ್ತದೋ ಅಷ್ಟು ಸಲ ಬಳಸುವುದೇ ದಾರಿ. ನಮ್ಮ ಮನೆಗೆ ಮೀನು ತರುವ ಅಕ್ಕ ಇದರಲ್ಲಿ ನನ್ನ ಗುರು. ಬಾಕ್ಸ್‌ನ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಯೇ ಐಸ್ ಹಾಕುತ್ತಾರೆ. ಹೀಗಾಗಿ ರಕ್ತ ಥರ್ಮಾಕೋಲ್‌ಗೆ ಇಳಿಯುವುದಿಲ್ಲ. ಮಾರಾಟ ಮುಗಿದ ಕೂಡಲೇ, ಒಣಗುವ ಮುಂಚೆ, ತಣ್ಣೀರಿನಲ್ಲಿ ತೊಳೆಯುತ್ತಾರೆ. ಆಮೇಲೆ ಸೋಪಿನ ನೀರು. ಬಿಸಿನೀರು ಹಾಕಿದರೆ ವಾಸನೆ ಇನ್ನೂ ಕೂರುತ್ತದೆ ಅನ್ನುತ್ತಾರೆ. ಬೋರಲು ಹಾಕಿ ಒಣಗಿಸುತ್ತಾರೆ. ಮೂಲೆ ಬಿರುಕು ಬಿಟ್ಟರೆ ಹುರಿ ಸುತ್ತಿ ಇನ್ನೂ ಒಂದು ತಿಂಗಳು ಓಡಿಸುತ್ತಾರೆ. ಪೂರ್ತಿ ಕೆಲಸಕ್ಕೆ ಬಾರದ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ ನನಗೆ ತಂದುಕೊಡುತ್ತಾರೆ. ನಾನು ಬೇರೆ ಕಟ್ಟಿ, ಮೀನಿನದು ಎಂದು ಬರೆದು, ವ್ಯಾಪಾರಿಗೆ ಮೊದಲೇ ಹೇಳಿ ಕಳಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆ ಎರಡು ತಿಂಗಳು ದಡದಲ್ಲಿ ಬಿಟ್ಟ ಬಾಕ್ಸ್‌ಗಳನ್ನೇ ಮಳೆಗಾಳಿ ಒಡೆದು ಕಡಲಿಗೆ ಹಾಕುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಅವನ್ನು ಒಳಗೆ ತೆಗೆದಿಡಿ ಎಂದು ಮೀನುಗಾರ ಬಂಧುಗಳಲ್ಲಿ ಕೈಮುಗಿದು ಕೇಳುತ್ತೇನೆ.

ಸುಡುವುದರ ಬಗ್ಗೆ ಹೇಳಲೇಬೇಕು. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತದೆ. ಬಚ್ಚಲ ಒಲೆ ಬೇಗ ಹತ್ತಲಿ ಎಂದು ಒಂದು ತುಂಡು ಥರ್ಮಾಕೋಲ್ ತುರುಕುವುದು ಎಷ್ಟೋ ಮನೆಗಳಲ್ಲಿ ರೂಢಿ. ಭಗ್ ಎಂದು ಹತ್ತುತ್ತದೆ ನಿಜ. ಅದರ ಕಪ್ಪು ಮಸಿ ನೋಡಿದ್ದೀರಲ್ಲ? ಆ ಹೊಗೆಯಲ್ಲಿ ಸ್ಟೈರೀನ್, ಕಾರ್ಬನ್ ಮಾನಾಕ್ಸೈಡ್ ಇರುತ್ತವೆ. ಒಲೆ ಊದುವವರು ಅಜ್ಜಿಯೋ ಅಮ್ಮನೋ, ಬಗ್ಗಿ ಕೂತು ಮೊದಲು ಕುಡಿಯುವವರು ಅವರೇ. ತೆಂಗಿನ ಗರಿ, ಅಡಿಕೆ ಹಾಳೆ, ಕಾಯಿಸಿಪ್ಪೆ ನಮ್ಮಲ್ಲಿ ಬೇಕಾದಷ್ಟಿದೆ. ಬೇಸಿಗೆಯಲ್ಲೇ ಒಂದಿಷ್ಟು ಒಳಗೆ ಒಟ್ಟಿಡಿ, ಸಾಕು.

ಚೌತಿ ಹತ್ತಿರ ಬಂದಾಗ ಮಂಟಪಕ್ಕೆ ಥರ್ಮಾಕೋಲ್ ಕೇಳಿಕೊಂಡು ಹುಡುಗರು ಬರುತ್ತಾರೆ. ಮೊದಮೊದಲು ಖುಷಿಯಿಂದ ಕೊಡುತ್ತಿದ್ದೆ. ಬಣ್ಣ, ಮಿನುಗುಪುಡಿ, ಗೋಂದು ಬಳಿದ ಮೇಲೆ ಅದನ್ನು ಯಾರೂ ಮರುಬಳಕೆಗೆ ತಗೊಳ್ಳುವುದಿಲ್ಲ. 2022ರ ಜುಲೈ 1ರಿಂದ ದೇಶದಲ್ಲಿ ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದಕ್ಕೇ ನಿಷೇಧ ಬಂದಿದೆ. ಪ್ಯಾಕಿಂಗ್‌ಗೆ ಆ ನಿಷೇಧ ಇಲ್ಲ. ಈಗ ಹುಡುಗರಿಗೆ ದೊಡ್ಡ ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸುತ್ತೇನೆ. ಗಣಪತಿಯ ಮೇಲೆ ಫಲಾವಳಿ ಕಟ್ಟಿದರೆ ಅದಕ್ಕಿಂತ ಚಂದ ಇನ್ನೇನು ಬೇಕು?

ಇನ್ನೊಂದು ಕೆಲಸ ಕೂತಲ್ಲೇ ಮಾಡಬಹುದು. ಪ್ಲಾಸ್ಟಿಕ್ ಪ್ಯಾಕಿಂಗ್‌ನ ಹೊಣೆ ತಯಾರಿಸುವ, ಮಾರುವ ಕಂಪನಿಗಳ ಮೇಲೂ ಇದೆ ಎಂದು 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿವರವಾದ ನಿಯಮ ತಂದಿದೆ. ವಸ್ತು ಕೊಂಡ ಮೇಲೆ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, "ಥರ್ಮಾಕೋಲ್ ವಾಪಸ್ ತಗೊಳ್ತೀರಾ? ಕಾಗದದ ಅಚ್ಚಿನಲ್ಲಿ ಯಾಕೆ ಪ್ಯಾಕ್ ಮಾಡುವುದಿಲ್ಲ?" ಎಂದು ಕೇಳಿ. ನಾನೊಬ್ಬಳು ಅಂಗಡಿಯವಳು ಕೇಳಿದರೆ ಅವರಿಗೆ ಅಷ್ಟು ನಾಟುವುದಿಲ್ಲ. ಕೊಳ್ಳುವವರು ಕೇಳಬೇಕು.

ಎಷ್ಟೇ ಜೋಪಾನ ಮಾಡಿದರೂ ಒಮ್ಮೊಮ್ಮೆ ಕಾಳು ಚೆಲ್ಲುತ್ತದೆ. ಪೊರಕೆ ಹಿಡಿಯಬೇಡಿ, ಗುಡಿಸಿದಷ್ಟೂ ಹಾರುತ್ತದೆ. ಹಳೇ ಬಟ್ಟೆ ಒದ್ದೆ ಮಾಡಿ ಹಿಂಡಿ, ಮೇಲೆ ಮೆಲ್ಲಗೆ ಒತ್ತಿ ಎತ್ತಿ. ಆ ಬಟ್ಟೆಯನ್ನು ಬಚ್ಚಲಲ್ಲಿ ತೊಳೆದರೆ ಕಾಳೆಲ್ಲ ಮತ್ತೆ ಗಟಾರಕ್ಕೇ ಹೋಗುತ್ತದೆ. ಒಣಗಲು ಬಿಟ್ಟು, ಕಾಗದದ ಮೇಲೆ ಕೊಡವಿ, ಚೂರಿನ ಕವರಿಗೆ ಸೇರಿಸಿ.

ನಮ್ಮ ಮುಂದಿನ ಲೋಡ್ ಮೇ ಮೂರನೇ ವಾರ, ಮಳೆ ಹಿಡಿಯುವ ಮುಂಚೆ ಹೊರಡುತ್ತದೆ. ಅಟ್ಟದಲ್ಲಿ ಈಗ ಇಪ್ಪತ್ತೆರಡು ಕಟ್ಟು ಇವೆ, ಇನ್ನೂ ಹದಿನೆಂಟಕ್ಕೆ ಜಾಗವಿದೆ. ಕೋಡಿಬಾಗ, ಕಾಜುಬಾಗ, ಬಿಣಗಾ ಕಡೆಯ ಪರಿಚಯದವರಿಗೆಲ್ಲ ಹೇಳಿದ್ದೇನೆ, ಶನಿವಾರ ಮಧ್ಯಾಹ್ನದ ಮೇಲೆ ತಂದುಕೊಡಿ ಎಂದು. ಟೇಪ್ ತೆಗೆದು, ಒಣಗಿಸಿ, ಇಡಿಯಾಗಿ ತನ್ನಿ. ಹುರಿ ನನ್ನ ಹತ್ತಿರ ಇದೆ.